ಎಎಚ್‌ಯು ರೂಮಿನಿಂದ ಕೇಳಿದ ಚೆಕ್ ಪ್ರಾರ್ಥನೆ

ವರ್ಕ್ ಆರ್ಡರಿನಲ್ಲಿ ಇದ್ದದ್ದು ಒಂದೇ ಸಾಲು. ಹಾಲ್‌ನ ಏರ್‌ಕಾನ್ ಗುಂಯ್‌ಗುಡುತ್ತಿದೆ, ಭಾನುವಾರದ ಕಾರ್ಯಕ್ರಮ ರೆಕಾರ್ಡಿಂಗ್ ಆಗುತ್ತದೆ, ಅಷ್ಟರೊಳಗೆ ಸರಿ ಮಾಡಿಕೊಡಿ. ಕಳಿಸಿದವರು ಆ ಹಾಲ್‌ನಲ್ಲಿ ವಾರಕ್ಕೆ ಎರಡು ಸಲ ಪ್ರಾಕ್ಟೀಸ್ ಮಾಡುವ ಕಾಯರ್ ಅನ್ನುವ ಹಾಡುಗಾರರ ತಂಡದ ಡೈರೆಕ್ಟರ್ ಮೇಡಂ. ಅದನ್ನು ಸರಿ ಮಾಡುವುದು ನನ್ನ ಕೆಲಸ. ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದೆ ಅಂದರೆ, ಭಾನುವಾರದ ಹೊತ್ತಿಗೆ ಅದನ್ನು ಮತ್ತೆ ಕೆಡಿಸಲು ಏಣಿ ಹತ್ತಿ ನಿಂತಿದ್ದೆ.

ನಾನು ಸಂಗೀತದವನಲ್ಲ. ಮನೆಯಲ್ಲಿ ಹಾಡು ಹಾಕಿದರೂ ನನ್ನ ಕಿವಿ ಫ್ರಿಜ್ಜಿನ ಕಂಪ್ರೆಸರ್ ಕಡೆಗೇ ಹೋಗುತ್ತದೆ. ಯಾವ ಯಂತ್ರ ಎಲ್ಲಿ ಎಷ್ಟು ಅದುರುತ್ತಿದೆ ಎಂಬುದು ಬಿಟ್ಟರೆ ಇನ್ನೇನೂ ನನಗೆ ನೆಟ್ಟಗೆ ಕೇಳಿಸುವುದಿಲ್ಲ. ಒಂದು ಕಡೆ ಕೂರುವ ಆಸಾಮಿಯೂ ಅಲ್ಲ. ಅಂಥವನಿಗೆ ಈ ಕಾಯರ್‌ನವರ ಸಹವಾಸ ಆದದ್ದು ಆ ವಾರವೇ.

ಕಾರ್ಯಕ್ರಮ ಭಾನುವಾರ ಸಂಜೆ ನಾಲ್ಕಕ್ಕೆ. ನಲವತ್ತು ಜನರ ಆರ್ಕೆಸ್ಟ್ರಾ, ಎಪ್ಪತ್ತು ಜನರ ಕಾಯರ್, ಹಾಡುವುದೆಲ್ಲ ಚೆಕ್ ದೇಶದ ಚರ್ಚ್ ಸಂಗೀತ. ಅದರಲ್ಲಿ ಕೊನೆಯದು ದೊಡ್ಡದು. ಅಲ್ಲಿನ ಯಾವುದೋ ಹಳ್ಳಿಯ ಶಾಲಾ ಮೇಷ್ಟ್ರೊಬ್ಬರು ಹಿಂದಿನ ಕಾಲದಲ್ಲಿ ತಮ್ಮೂರಿನ ಚರ್ಚಿಗಾಗಿ ಬರೆದ ಪ್ರಾರ್ಥನೆಯಂತೆ. ಅದರ ಮಧ್ಯೆ ಒಂದು ಜಾಗದಲ್ಲಿ ಆರ್ಕೆಸ್ಟ್ರಾ ಜೋರಾಗಿ ಬಾರಿಸುತ್ತ ಬಂದು ಗಕ್ಕನೆ ನಿಂತುಬಿಡುತ್ತದೆ. ಎಂಟು ಎಣಿಸುವಷ್ಟು ಹೊತ್ತು ಹಾಲ್ ಪೂರ್ತಿ ಮೌನ. ಆ ಮೌನದಿಂದ ಒಂದೇ ಹೆಣ್ಣುದನಿ, ಯಾವ ವಾದ್ಯದ ಆಸರೆಯೂ ಇಲ್ಲದೆ, ದೇವರೇ ಕರುಣೆ ತೋರು ಅಂತ ತಗ್ಗಿನಲ್ಲಿ ಶುರು ಮಾಡಬೇಕು. ಆಮೇಲೆ ಕಾಯರ್ ಆ ದನಿಗೆ ಸೇರಿಕೊಳ್ಳುತ್ತದೆ. ಮೂರು ನಿಮಿಷ ಬರೀ ಕಂಠಗಳು. ಕೊನೆಗೆ ಆರ್ಕೆಸ್ಟ್ರಾ ಮತ್ತೆ ಬಂದು ಕೂಡಿಕೊಳ್ಳಬೇಕು. ಮೊದಲ ದನಿ ಕೂದಲೆಳೆ ತಪ್ಪಿದರೂ ಎಪ್ಪತ್ತು ಜನ ಅದರ ಹಿಂದೆಯೇ ತಪ್ಪಿ, ಮೂರು ನಿಮಿಷ ಆದ ಮೇಲೆ ವಾದ್ಯಗಳ ಜೊತೆ ಡಿಕ್ಕಿ ಹೊಡೆಯುತ್ತಾರೆ.

ಆ ಒಂಟಿ ದನಿ ಆಂಟಿಯದು. ಆಂಟಿ ಅಂದರೆ ಬುಕಿತ್ ಬಾಟೋಕ್ ಬಡಾವಣೆಯಲ್ಲಿ ನಮ್ಮ ಬ್ಲಾಕ್‌ನಿಂದ ಎರಡನೇ ಬ್ಲಾಕ್‌ನಲ್ಲಿರುವವರು. ಉಡುಪಿ ಕಡೆಯವರು, ರಾಫೆಲ್ಸ್ ಪ್ಲೇಸ್‌ನ ಒಂದು ಬ್ಯಾಂಕ್‌ನಲ್ಲಿ ಕೆಲಸ, ವಯಸ್ಸು ಐವತ್ತು ದಾಟಿದೆ. ಕಾಯರ್‌ನಲ್ಲಿ ಕನ್ನಡದವರು ಅವರೊಬ್ಬರೇ. ಹನ್ನೊಂದು ವರ್ಷದಿಂದ ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತು ಗುಂಪಿನಲ್ಲಿ ಹಾಡುತ್ತಿದ್ದವರಿಗೆ ಮೊದಲ ಸಲ ಸೋಲೋ ಸಿಕ್ಕಿತ್ತು. ಬೇರೆಯವರೆಲ್ಲ ಇಂಥ ಜಾಗದಲ್ಲಿ ಟ್ಯೂನಿಂಗ್ ಫೋರ್ಕ್ ಅನ್ನುವ ಪುಟ್ಟ ಉಕ್ಕಿನ ಕವೆಯನ್ನು ಮೊಣಕಾಲಿಗೆ ತಟ್ಟಿ, ಕಿವಿಯ ಹತ್ತಿರ ಹಿಡಿದು ಸ್ವರ ಕದಿಯುತ್ತಾರೆ. ಆಂಟಿಗೆ ಅದು ಬೇಡ. ಸುಮ್ಮನೆ ಬಾಯಿ ತೆರೆದರೆ ಸಾಕು, ಸರಿಯಾದ ಸ್ವರ ಬರುತ್ತದೆ. ಅದಕ್ಕೇ ಮೇಡಂ ಅವರನ್ನು ಆರಿಸಿದ್ದು. ಇದನ್ನು ಆಂಟಿಯೇ ಲಿಫ್ಟಿನ ಹತ್ತಿರ ನನ್ನ ಹೆಂಡತಿಗೆ ಕನಿಷ್ಠ ಮೂರು ಸಲ ಹೇಳಿದ್ದರು.

ಮಂಗಳವಾರ ಕೆಲಸಕ್ಕೆ ಇಳಿದೆ. ಹಾಲ್‌ಗೆ ತಣ್ಣನೆ ಗಾಳಿ ಕೊಡುವ ಯಂತ್ರವನ್ನು ಏರ್ ಹ್ಯಾಂಡ್ಲಿಂಗ್ ಯೂನಿಟ್ ಅಂತಾರೆ, ನಮ್ಮ ಬಾಯಲ್ಲಿ ಎಎಚ್‌ಯು. ವೇದಿಕೆಯ ಎಡಗಡೆ ಗೋಡೆಯ ಹಿಂದೆ ಅದರ ರೂಮು. ಒಳಗೆ ಆಳೆತ್ತರದ ತಗಡಿನ ಪೆಟ್ಟಿಗೆ, ಅದರಲ್ಲಿ ಹನ್ನೊಂದು ರೆಕ್ಕೆಯ ದೊಡ್ಡ ಫ್ಯಾನ್. ಗೋಡೆಯ ಮೇಲೆ ಫ್ಯಾನಿನ ವೇಗ ಹೆಚ್ಚುಕಮ್ಮಿ ಮಾಡುವ ಡ್ರೈವ್. ಅದರ ಪರದೆಯ ಮೇಲೆ ನಲವತ್ತೊಂದು ಹರ್ಟ್ಜ್ ಅಂತಿತ್ತು. ಹಳೇ ಲಾಗ್‌ಬುಕ್ ತಿರುವಿ ನೋಡಿದೆ, ಮೊದಲ ಪುಟದಿಂದಲೂ ಅದೇ ನಲವತ್ತೊಂದು. ಯಾವ ಪುಣ್ಯಾತ್ಮ ಇಟ್ಟು ಹೋದನೋ, ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹಿರಿಯ ಟೆಕ್ನಿಷಿಯನ್ ಮಲಾಯ್ ಮನುಷ್ಯ. ನಾವೆಲ್ಲ ಅಬಾಂಗ್ ಅಂತೇವೆ, ಅಣ್ಣ ಅಂತ ಅರ್ಥ. ಇಬ್ಬರೂ ಸೇರಿ ಫ್ಯಾನಿನ ರೆಕ್ಕೆಗಳಿಗೆ ಮೆತ್ತಿದ್ದ ಧೂಳು ಕೆರೆದೆವು. ಸಡಿಲವಾದ ಬೋಲ್ಟ್ ಬಿಗಿ ಮಾಡಿದೆವು. ಪೆಟ್ಟಿಗೆಯ ಅಡಿಯ ಗಟ್ಟಿಯಾಗಿದ್ದ ರಬ್ಬರ್ ಕಿತ್ತು ಹೊಸದು ಹಾಕಿದೆವು. ಅಷ್ಟಕ್ಕೇ ಶಬ್ದ ಅರ್ಧ ಇಳಿಯಿತು. ಉಳಿದರ್ಧಕ್ಕೆ ನನ್ನ ಹತ್ತಿರ ಬೇರೆ ಲೆಕ್ಕಾಚಾರ ಇತ್ತು. ಭಾನುವಾರ ಬೆಳಿಗ್ಗೆಯಿಂದಲೇ ಹಾಲನ್ನು ಇಪ್ಪತ್ತು ಡಿಗ್ರಿಗೆ ತಂಪು ಮಾಡಿಟ್ಟರೆ, ಕಾರ್ಯಕ್ರಮದ ಹೊತ್ತಿಗೆ ಫ್ಯಾನನ್ನು ಮೂವತ್ತಕ್ಕೆ ಇಳಿಸಬಹುದು. ಜನರ ಮೈಶಾಖಕ್ಕೆ ಹಾಲ್ ಬಿಸಿಯೇರಿ ಸೆಕೆ ಶುರುವಾಗುವಷ್ಟರಲ್ಲಿ ಚಪ್ಪಾಳೆ ಬಿದ್ದಿರುತ್ತದೆ. ಮೂವತ್ತಕ್ಕೆ ಇಳಿಸಿ ನೋಡಿದೆವು. ಹಾಲ್ ಒಳಗೆ ನನ್ನ ವಾಚಿನ ಮುಳ್ಳು ಕೇಳಿಸಿತು. ರೆಕಾರ್ಡಿಂಗ್ ಮಾಡುವವನು ಮೈಕ್ ಇಟ್ಟು ಅಳೆದು ನನ್ನ ಕೈ ಕುಲುಕಿದ. ಗುರುವಾರ ವರ್ಕ್ ಆರ್ಡರ್ ಕ್ಲೋಸ್ ಮಾಡಿ ಸೈನ್ ಹಾಕಿದೆ. ನಿಜ ಹೇಳಬೇಕೆಂದರೆ ಬೀಗುತ್ತಿದ್ದೆ.

ಶನಿವಾರ ಮಧ್ಯಾಹ್ನ ಅವರ ಕೊನೆಯ ರಿಹರ್ಸಲ್. ನನಗೆ ಅಲ್ಲಿ ಕೆಲಸ ಇರಲಿಲ್ಲ, ಆದರೂ ಹೋದೆ. ನನ್ನ ಮೌನವನ್ನು ನಾನೇ ಕೇಳಿ ಮೆಚ್ಚಿಕೊಳ್ಳುವ ಚಪಲ. ಹಿಂದಿನ ಬಾಗಿಲ ಹತ್ತಿರ ಕೈಕಟ್ಟಿ ನಿಂತೆ. ಆರ್ಕೆಸ್ಟ್ರಾ ಜೋರಾಗಿ ಬಂದು ನಿಂತಿತು. ಎಂಥಾ ಮೌನ ಅಂತೀರಿ! ಮೇಡಂ ಕೈ ಮೇಲಕ್ಕೆತ್ತಿ ಎಂಟು ಎಣಿಸಿದರು. ಆಂಟಿ ಹಾಡಿದರು. ಕಾಯರ್ ಸೇರಿಕೊಂಡಿತು. ಎಲ್ಲ ಚೆನ್ನಾಗಿಯೇ ಇದೆ ಅಂದುಕೊಳ್ಳುವಷ್ಟರಲ್ಲಿ ಆರ್ಕೆಸ್ಟ್ರಾ ಒಳಬಂತು ನೋಡಿ, ಸಂಗೀತ ಗೊತ್ತಿಲ್ಲದ ನನಗೇ ಹಲ್ಲು ಜುಂ ಅಂದಿತು. ಅವರೆಲ್ಲೋ, ಇವರೆಲ್ಲೋ.

ಮೇಡಂ ಕೋಲು ಕೆಳಗಿಟ್ಟರು. 'ಇನ್ನೊಂದು ಸಲ' ಅಂದರು. ಇನ್ನೊಂದು ಸಲವೂ ಅದೇ ಕಥೆ. ಮೂರನೇ ಸಲ ಮೌನ ಎಂಟು ದಾಟಿ, ಹತ್ತು ದಾಟಿ, ಆಂಟಿ ಬಾಯಿ ತೆರೆದರೂ ದನಿಯೇ ಹೊರಡಲಿಲ್ಲ. ಅವರು ತಲೆಯೆತ್ತಿ ಗೋಡೆಯ ಮೇಲ್ಗಡೆ ನೋಡುತ್ತಿದ್ದರು. ಅಲ್ಲಿರುವುದು ಗಾಳಿ ಬರುವ ಜಾಲರಿ, ನಮ್ಮ ಗ್ರಿಲ್. ಆ ಕ್ಷಣಕ್ಕೆ ನನಗೆ ಏನೂ ಹೊಳೆಯಲಿಲ್ಲ.

ಮೇಡಂ ಕೂಗಾಡುವವರಲ್ಲ. ಸ್ಥಳೀಯ ಚೀನೀ ಹೆಂಗಸು, ಬಹಳ ವರ್ಷ ಸ್ಕೂಲಿನಲ್ಲಿ ಸಂಗೀತ ಕಲಿಸಿದವರು. ಎಲ್ಲರೆದುರೂ ಮೆತ್ತಗೇ ಹೇಳಿದರು, 'ನಾಳೆ ಹನ್ನೆರಡಕ್ಕೆ ಇದೊಂದು ಜಾಗ ಮತ್ತೆ ನೋಡೋಣ. ಆಗಲೂ ಹೀಗೇ ಆದರೆ ಈ ಸೋಲೋ ಮುಂದಿನ ಸಾಲಿನವರು ಯಾರಾದರೂ ಫೋರ್ಕ್ ಇಟ್ಟುಕೊಂಡು ಹಾಡಲಿ. ನನಗೆ ಬೇರೆ ದಾರಿ ಇಲ್ಲ.'

ನಾನು ಸಾಮಾನು ಇಳಿಸುವ ಬಾಗಿಲ ಕಡೆಯಿಂದ ಹೊರಗೆ ಬಂದೆ. ಹಿಂದೆಯೇ ಚಪ್ಪಲಿ ಸದ್ದು. ಆಂಟಿ. ಮುಖ ಕೆಂಪಗಾಗಿತ್ತು.

'ಏನು ಮಾಡಿದ್ಯಾ ಮಾರಾಯಾ ಆ ಫ್ಯಾನಿಗೆ?'

'ರಿಪೇರಿ ಮಾಡಿದೀನಿ ಆಂಟಿ. ಸೌಂಡೇ ಇಲ್ಲ ಈಗ, ಗಮನಿಸಿದ್ರಾ?'

'ಗಮನಿಸಿದೆ! ಚೆನ್ನಾಗಿಯೇ ಗಮನಿಸಿದೆ! ನಿನಗ್ಯಾರು ಹೇಳಿದ್ದು ರಿಪೇರಿ ಮಾಡು ಅಂತ?'

'ಮೇಡಮ್ಮೇ ಹೇಳಿದ್ದು. ವರ್ಕ್ ಆರ್ಡರ್ ಇದೆ.'

ಆಂಟಿ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಬ್ಯಾಂಕಿನವರು, ಸೀರೆಯಾಗಲಿ ಸೂಟಾಗಲಿ ಒಂದು ನೆರಿಗೆ ಕೆಡದ ಹಾಗೆ ಓಡಾಡುವವರು, ಧೂಳಿನ ಮೆಟ್ಟಿಲ ಮೇಲೆ ಕೂತರು. ಆಚೆ ಈಚೆ ನೋಡಿದರು. ಅಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ, ಆದರೂ ದನಿ ತಗ್ಗಿಸಿದರು.

'ನನ್ನ ಶ್ರುತಿ ಅದರಲ್ಲೇ ಇತ್ತು ಕಣೋ. ಆ ಫ್ಯಾನಿನಲ್ಲಿ. ನಾನು ನಿಲ್ಲೋದು ಆ ಗ್ರಿಲ್ ಕೆಳಗೆ ತಾನೆ? ಸೇರಿದ ಮೊದಲನೇ ವರ್ಷವೇ ಗೊತ್ತಾಯ್ತು, ಅದು ಗುಂಯ್ ಅನ್ನೋದು ಎ ಸ್ವರ, ಆರ್ಕೆಸ್ಟ್ರಾದವರು ವಾದ್ಯ ಶ್ರುತಿ ಮಾಡ್ಕೊಳ್ಳೋ ಸ್ವರ ಅಂತ. ಒಂದು ಸ್ವರ ಸಿಕ್ಕಿದ್ರೆ ಮಿಕ್ಕಿದ್ದೆಲ್ಲ ಅದರಿಂದ ಹಿಡೀಬಹುದಲ್ಲ. ಎಲ್ಲರೂ ನನಗೆ ಭಾರೀ ಕಿವಿ ಅಂದ್ರು. ನಾನೂ ಹೌದು ಅಂದೆ. ಈ ಸೋಲೋ ಶುರುವಾಗೋದೂ ಅದೇ ಎ ಸ್ವರದಲ್ಲಿ. ಅದಕ್ಕೇ ಧೈರ್ಯವಾಗಿ ಒಪ್ಪಿಕೊಂಡೆ.'

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

'ನೀವೂ ನಾಳೆ ಒಂದು ಫೋರ್ಕ್ ಇಟ್ಕೊಂಡ್ಬಿಡಿ ಆಂಟಿ. ಅದರಲ್ಲೇನಿದೆ?'

'ಏನಿದೆ ಅಂತೀಯಲ್ಲ! ಇಷ್ಟು ವರ್ಷ ಬೇಡದ ಫೋರ್ಕ್ ಈಗ ಯಾಕೆ ಅಂತ ಮೇಡಂ ಕೇಳಲ್ವಾ? ನನಗೆ ಮಾನ ಇಲ್ವಾ? ಅಕ್ಕ ಉಡುಪಿಯಿಂದ ಫೋನಲ್ಲಿ ದಿನಾ ಕೇಳ್ತಿದ್ದಾಳೆ, ಒಬ್ಬಳೇ ಹಾಡ್ತೀಯಂತೆ ಹೌದಾ ಅಂತ. ನಾಳೆ ಅದು ಕೈ ತಪ್ಪಿದ್ರೆ ನಾನು ಈ ಕಾಯರ್ ಕಡೆ ತಲೆ ಹಾಕಿ ಮಲಗಲ್ಲ, ಬರೆದಿಟ್ಕೋ.' ಕಣ್ಣೊರೆಸಿಕೊಂಡರು. 'ನಿಮ್ಮ ಮಂಡ್ಯದವರು ಕೈಯಿಟ್ರೆ ಹೀಗೇ. ಸುಮ್ನೆ ಇದ್ದದ್ದನ್ನ ಸುಮ್ನಿರಕ್ಕೆ ಬಿಡಲ್ಲ.'

ಮಂಡ್ಯದ ಮೇಲೆ ಬಂದದ್ದಕ್ಕೆ ಸಿಟ್ಟು ಬಂತು. ಕೆಲಸ ಕೆಡಿಸಿ ಬೈಸಿಕೊಂಡದ್ದು ಉಂಟು. ಕೆಲಸ ಸರಿಯಾಗಿ ಮಾಡಿ ಒಬ್ಬರ ಹನ್ನೊಂದು ವರ್ಷದ ಆಸೆಗೆ ಕಲ್ಲು ಹಾಕಿದ್ದು ಇದೇ ಮೊದಲು. ಡ್ರೈವನ್ನು ಸುಮ್ಮನೆ ನಲವತ್ತೊಂದಕ್ಕೆ ಏರಿಸಿಬಿಡುವುದೇನು ಮಹಾ, ಒಂದು ಬಟನ್ ಒತ್ತಿದರೆ ಆಯಿತು. ಆದರೆ ಆ ಗುಂಯ್ ರೆಕಾರ್ಡಿಂಗ್‌ನಲ್ಲಿ ಕೂತರೆ ನನ್ನ ಸೈನ್ ಇರುವ ಕಾಗದವನ್ನು ನನ್ನ ಮುಖಕ್ಕೇ ಹಿಡಿಯುತ್ತಾರೆ. ಮನೆಗೆ ಹೋದೆ. ಊಟಕ್ಕೆ ಕೂತೆ, ಎದ್ದೆ, ಬ್ಲಾಕ್ ಕೆಳಗಿನ ಖಾಲಿ ಜಾಗ ವಾಯ್ಡ್ ಡೆಕ್‌ಗೆ ಇಳಿದು ನಾಲ್ಕು ಸುತ್ತು ಹಾಕಿದೆ. 'ಚಕ್ಕಂಬಕ್ಕಳ ಹಾಕಿ ಒಂದು ಕಡೆ ಕೂತ್ಕೊಳ್ರೀ, ನನಗೇ ತಲೆ ಸುತ್ತುತ್ತೆ' ಅಂದಳು ಹೆಂಡತಿ.

ಬೆಳಿಗ್ಗೆ ಏಳಕ್ಕೇ ಎಎಚ್‌ಯು ರೂಮಿಗೆ ಹೋಗಿ ಅಬಾಂಗ್‌ಗೆ ವಿಷಯ ಹೇಳಿದೆ. ಆಂಟಿಯ ಗುಟ್ಟು ಬಿಟ್ಟುಕೊಡಲಿಲ್ಲ, ಹಾಡುವವರಿಗೆ ಫ್ಯಾನಿನ ಸದ್ದು ಸ್ವಲ್ಪ ಬೇಕಂತೆ ಅಂದೆ.

'ಗಿಲಾ ಲಾ ನೀನು' ಅಂದ. ಹುಚ್ಚಾ ನಿನಗೆ ಅಂತ. 'ಸದ್ದು ಬೇಡ ಅಂತ ಮೂರು ದಿನ ಒದ್ದಾಡಿದ್ದೇವೆ. ಈಗ ಬೇಕಾ?'

'ಸ್ವಲ್ಪ ಹೊತ್ತಿಗೆ. ಒಂದು ನಿಮಿಷ ಸಾಕು.'

ಯೋಚಿಸಿದಷ್ಟೂ ಒಂದೊಂದೇ ಅಡ್ಡಿ ಎದ್ದಿತು. ಆ ಮೌನಕ್ಕೆ ಮುಂಚೆ ನಾಲ್ಕು ನಿಮಿಷ ಆರ್ಕೆಸ್ಟ್ರಾ ಗಟ್ಟಿಯಾಗಿ ಬಾರಿಸುತ್ತದೆ. ಅದರ ಮರೆಯಲ್ಲಿ ಫ್ಯಾನನ್ನು ಮೂವತ್ತರಿಂದ ನಲವತ್ತೊಂದಕ್ಕೆ ಏರಿಸಬಹುದು, ಯಾರಿಗೂ ತಿಳಿಯುವುದಿಲ್ಲ. ಆಂಟಿ ಶುರು ಮಾಡಿದ ಮೇಲೆ ಸದ್ದು ಹೋಗಬೇಕು. ಆಗ ವೇಗ ಇಳಿಸಿದರೆ? ವೇಗ ಇಳಿದ ಹಾಗೆ ಫ್ಯಾನಿನ ಸ್ವರವೂ ಜಾರುತ್ತ ಕೆಳಗಿಳಿಯುತ್ತದೆ. ಅದರ ಜೊತೆ ಎಪ್ಪತ್ತು ಜನವೂ ಜಾರಿದರೆ ಮುಗಿಯಿತು. ಹಾಗಾಗಿ ವೇಗ ಮುಟ್ಟುವ ಹಾಗಿಲ್ಲ. ಉಳಿದದ್ದು ಡ್ಯಾಂಪರ್. ಕಾಯರ್‌ನ ತಲೆಯ ಮೇಲಿನ ಗ್ರಿಲ್‌ಗೆ ಹೋಗುವ ಗಾಳಿಕೊಳವೆಯೊಳಗಿನ ತಗಡಿನ ಬಾಗಿಲು ಅದು. ಏಣಿ ಹತ್ತಿದರೆ ಅದರ ಹಿಡಿಕೆ ಕೈಗೆ ಸಿಗುತ್ತದೆ. ಫ್ಯಾನ್ ಅದೇ ವೇಗದಲ್ಲಿ ಓಡಲಿ, ನಾನು ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಬಂದರೆ ಸ್ವರ ಬದಲಾಗದೆ ಸದ್ದು ಮಾತ್ರ ಸಣ್ಣಗಾಗುತ್ತದೆ. ಆಮೇಲೆ ಆರ್ಕೆಸ್ಟ್ರಾ ಮತ್ತೆ ಬಂದಾಗ ವೇಗ ಇಳಿಸಿಕೊಂಡರಾಯಿತು.

ಒಳಗೆ ನಡೆಯುವುದು ನನಗೆ ಗೊತ್ತಾಗುವುದು ಹೇಗೆ? ಅದಕ್ಕೆ ದಾರಿ ಆ ರೂಮಿನಲ್ಲೇ ಇತ್ತು. ಹಾಲ್‌ನಿಂದ ವಾಪಸ್ ಬರುವ ಗಾಳಿಗೆ ಒಂದು ದೊಡ್ಡ ಕಿಂಡಿ ಇದೆ. ಗಾಳಿಯ ಜೊತೆ ಹಾಲ್‌ನ ಸದ್ದೂ ಅದರಲ್ಲೇ ಬರುತ್ತದೆ. ಏಣಿಯ ಮೇಲೆ ನಿಂತರೆ ಕಿವಿ ಸರಿಯಾಗಿ ಅದರ ಮಟ್ಟಕ್ಕೆ ಬರುತ್ತದೆ.

ಹನ್ನೊಂದಕ್ಕೆ ಆಂಟಿಯನ್ನು ಕರೆಸಿದೆ. ಖಾಲಿ ಹಾಲ್‌ನಲ್ಲಿ ಅವರ ಜಾಗದಲ್ಲಿ ನಿಲ್ಲಿಸಿ, ಫೋನ್ ಹಚ್ಚಿಕೊಂಡು ಏಣಿ ಹತ್ತಿದೆ. ಅಬಾಂಗ್ ನಲವತ್ತೊಂದಕ್ಕೆ ಏರಿಸಿದ.

'ಕೇಳಿಸ್ತಾ ಇದೆಯಾ ಆಂಟಿ?'

'ಇಲ್ಲ.'

ಡ್ಯಾಂಪರ್ ಸ್ವಲ್ಪ ತೆರೆದೆ. 'ಈಗ?'

'ಸೊಳ್ಳೆ ಗುಂಯ್ ಅಂದ ಹಾಗಿದೆ. ಇನ್ನೂ ಸ್ವಲ್ಪ ಕೊಡು ಮಾರಾಯಾ, ಜಿಪುಣತನ ಮಾಡ್ಬೇಡ.'

'ರೆಕಾರ್ಡಿಂಗ್‌ನವನು ನನ್ನ ಕೊಲ್ತಾನೆ ಆಂಟಿ.'

'ಅವನು ಕೊಲ್ಲೋದು ಆಮೇಲೆ. ನಾನು ಈಗಲೇ ಕೊಲ್ತೀನಿ.'

ಇನ್ನೊಂದು ಬೆರಳಿನಷ್ಟು ತೆರೆದೆ. ಫೋನಿನಲ್ಲಿ ಅವರ ಉಸಿರು, 'ಹಾಂ. ಬಂತು. ಅಲ್ಲೇ ನಿಲ್ಲಿಸು.' ಹಿಡಿಕೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದೆ. ಹನ್ನೆರಡಕ್ಕೆ ಮೇಡಂ ಎದುರು ಆಂಟಿ ಒಂದೇ ಸಲಕ್ಕೆ ಸರಿಯಾಗಿ ಹಾಡಿದರು. ಸೋಲೋ ಅವರಿಗೇ ಉಳಿಯಿತು. ರೆಕಾರ್ಡಿಂಗ್‌ನವನು ಮಾತ್ರ ಹೆಡ್‌ಫೋನ್ ಎತ್ತಿ ನನ್ನ ಕಡೆ ಹುಬ್ಬು ಗಂಟಿಕ್ಕಿದ. ಸಂಜೆಗೆ ಇರಲ್ಲ ಅಂತ ಕೈಸನ್ನೆ ಮಾಡಿದೆ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ನಾಲ್ಕಕ್ಕೆ ಹಾಲ್ ತುಂಬಿತು. ನಾನು ಅಂದುಕೊಂಡದ್ದಕ್ಕಿಂತ ಜನ ಹೆಚ್ಚು, ಪಕ್ಕದ ಗೋಡೆಗೂ ಕುರ್ಚಿ ಹಾಕಿದ್ದರು. ಮೊದಲ ಎರಡು ಕೃತಿ ಮುಗಿಯುವಷ್ಟರಲ್ಲಿ ಇಪ್ಪತ್ತು ಡಿಗ್ರಿ ಇದ್ದದ್ದು ಇಪ್ಪತ್ತನಾಲ್ಕಕ್ಕೆ ಬಂತು. ಕಾಯರ್ ನಿಂತ ಕಡೆ ಇನ್ನೂ ಒಂದು ಹೆಚ್ಚು. ನಾನು ಐದು ನಿಮಿಷಕ್ಕೊಮ್ಮೆ ಪರದೆ ನೋಡುವುದು, ಏಣಿ ಹತ್ತುವುದು, ಇಳಿಯುವುದು. ಅಷ್ಟರಲ್ಲಿ ಕಟ್ಟಡದ ಮ್ಯಾನೇಜರ್ ಫೋನ್ ಬಂತು. ಬಾಲ್ಕನಿಯಲ್ಲಿ ಸೆಕೆ ಅಂತಿದ್ದಾರೆ, ಫ್ಯಾನ್ ಜಾಸ್ತಿ ಮಾಡು. ಇನ್ನು ಹತ್ತು ನಿಮಿಷ ತಾಳಿ ಸಾರ್ ಅಂದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ಫೋನನ್ನು ಟೂಲ್‌ಬಾಕ್ಸ್ ಒಳಗೆ ಹಾಕಿ ಮುಚ್ಚಿದೆ. ಅದು ಒಳಗೇ ಬುರ್ ಬುರ್ ಅಂತಿತ್ತು.

'ಕೂತುಕೋ. ನಿನ್ನ ನೋಡಿದರೆ ನನ್ನ ಬಿ.ಪಿ. ಏರುತ್ತೆ' ಅಂದ ಅಬಾಂಗ್.

ಕಿಂಡಿಯಲ್ಲಿ ಆರ್ಕೆಸ್ಟ್ರಾ ಗಟ್ಟಿಯಾಯಿತು. ಇದೇ ಆ ನಾಲ್ಕು ನಿಮಿಷ. ಬೆರಳು ಎತ್ತಿದೆ. ಅಬಾಂಗ್ ಒಂದೊಂದೇ ಅಂಕಿ ಏರಿಸಿ ನಲವತ್ತೊಂದಕ್ಕೆ ನಿಲ್ಲಿಸಿದ. ನಾನು ಹಿಡಿಕೆಯನ್ನು ಪೆನ್ನಿನ ಗುರುತಿಗೆ ತಂದೆ. ಅಂಗೈ ಬೆವರಿ ಜಾರುತ್ತಿತ್ತು, ಪ್ಯಾಂಟಿಗೆ ಒರೆಸಿಕೊಂಡೆ. ವಾದ್ಯಗಳು ಗಕ್ಕನೆ ನಿಂತವು. ಒಂದು, ಎರಡು, ನಾನೂ ಎಣಿಸಿದೆ. ನನ್ನ ಎಣಿಕೆ ಎಂಟಾದರೂ ಏನೂ ಬರಲಿಲ್ಲ. ಜೀವವೇ ಹೋದ ಹಾಗಾಯಿತು. ನಾನು ಅವಸರಕ್ಕೆ ಬೇಗ ಬೇಗ ಎಣಿಸಿದ್ದೆ ಅಷ್ಟೆ.

ಆಂಟಿಯ ದನಿ ಬಂತು.

ಅದು ತಗ್ಗಿನ ದನಿ, ಒಂದಿಷ್ಟೂ ಅವಸರ ಇಲ್ಲ. ಅರ್ಧ ನಿಮಿಷದಲ್ಲಿ ಡ್ಯಾಂಪರ್ ಮುಚ್ಚುವುದು ಅಂತ ನಮ್ಮ ಲೆಕ್ಕ. ಮುಚ್ಚಲು ಶುರು ಮಾಡುವ ಮೊದಲೇ ಇನ್ನೊಂದು ಸದ್ದು ಕೇಳಿಸಿತು. ವ್ವಂ, ವ್ವಂ, ವ್ವಂ ಅಂತ ಅಲೆ ಅಲೆಯಾಗಿ, ಒಂದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುವ ಸದ್ದು. ನಮ್ಮ ಕೆಲಸದಲ್ಲಿ ಆ ಸದ್ದಿಗೆ ಒಂದೇ ಅರ್ಥ. ಏನೋ ಅಲುಗಿದೆ. ಬೇರಿಂಗೋ, ಹೊಸದಾಗಿ ಹಾಕಿದ ರಬ್ಬರೋ. ಅಬಾಂಗ್ ಕಡೆ ನೋಡಿದೆ. ಅವನೂ ಕೇಳಿಸಿಕೊಂಡಿದ್ದ. ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಇಟ್ಟು ತಲೆಯಾಡಿಸಿದ. ಅದುರುತ್ತಿಲ್ಲ.

ಅದುರದಿದ್ದರೆ ಈ ಅಲೆ ಎಲ್ಲಿಂದ? ಯೋಚಿಸಲು ಸಮಯ ಇರಲಿಲ್ಲ. ಫ್ಯಾನನ್ನು ಹಾಗೇ ಬಿಟ್ಟರೆ ಆ ಅಲೆ ರೆಕಾರ್ಡಿಂಗ್‌ನಲ್ಲಿ ಕೂರುತ್ತದೆ, ಕೆಟ್ಟರೆ ಫ್ಯಾನೇ ಕಿತ್ತುಕೊಂಡು ಬರುತ್ತದೆ. ಈಗಲೇ ಮುಚ್ಚಿದರೆ ಆಂಟಿ ಇನ್ನೂ ಹಾಡಿನ ಎರಡನೇ ಸಾಲಿನಲ್ಲಿದ್ದಾರೆ, ಶ್ರುತಿ ಕಿತ್ತುಕೊಂಡ ಹಾಗಾಗುತ್ತದೆ. ನಿನ್ನೆ ಬಾಯಿ ತೆರೆದು ನಿಂತ ಅವರ ಮುಖ ಕಣ್ಣಿಗೆ ಬಂತು. ದೇವರೇ ಅಂದುಕೊಂಡು, ಹಿಡಿಕೆಯನ್ನು ಒಂದೇ ಎಳೆತಕ್ಕೆ ಮುಚ್ಚಿಬಿಟ್ಟೆ.

ಅಲೆ ನಿಂತಿತು. ಆಂಟಿಯ ದನಿ ನಿಲ್ಲಲಿಲ್ಲ. ಒಂದು ಸಾಲು ಮುಗಿಸಿತು, ಉಸಿರು ತೆಗೆದುಕೊಂಡಿತು, ಮುಂದಿನ ಸಾಲು ಹಿಡಿಯಿತು. ಕಾಯರ್‌ನ ಗಂಡಸರು ಸೇರಿದರು, ಹೆಂಗಸರು ಸೇರಿದರು. ಚೆಕ್ ಭಾಷೆಯ ಒಂದು ಪದವೂ ನನಗೆ ಗೊತ್ತಿಲ್ಲ. ಕರುಣೆ ತೋರು ಅನ್ನುವುದು ಮಾತ್ರ ಗೊತ್ತಿತ್ತು, ಅದನ್ನೇ ನಾನೂ ಏಣಿಯ ಮೇಲೆ ಹೇಳಿಕೊಳ್ಳುತ್ತಿದ್ದೆ. ಮೂರು ನಿಮಿಷ ಅಂದರೆ ಎಷ್ಟು ಉದ್ದ ಅನ್ನುವುದು ಅವತ್ತು ತಿಳಿಯಿತು. ಆರ್ಕೆಸ್ಟ್ರಾ ಒಳಬಂತು. ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡೆ. ಜುಂ ಅನ್ನಲಿಲ್ಲ. ಎರಡೂ ಒಂದೇ ನೀರಿನ ಹಾಗೆ ಕೂಡಿಕೊಂಡವು. ಏಣಿ ಇಳಿದು ನೆಲದ ಮೇಲೇ ಕೂತೆ. ಆ ದಿನ ನಾನು ಕೂತದ್ದು ಅದೊಂದೇ ಸಲ ಅಂತ ಅಬಾಂಗ್ ಈಗಲೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ.

ಚಪ್ಪಾಳೆ ಎಲ್ಲ ಮುಗಿದ ಮೇಲೆ ವೇದಿಕೆಯ ಪಕ್ಕದ ಕಾರಿಡಾರಿಗೆ ಹೋದೆ. ಆಂಟಿ ಕಪ್ಪು ಉಡುಪಿನಲ್ಲಿ, ಹೂಗುಚ್ಛ ಹಿಡಿದು ನಿಂತಿದ್ದರು. ಮೇಡಂ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಇದೇ ಕಾರ್ಯಕ್ರಮ ಇನ್ನೆರಡು ತಿಂಗಳಿಗೆ ಮಲೇಷ್ಯಾದ ಒಂದು ಹಳೇ ಚರ್ಚಿನಲ್ಲಿ ಆಗಲಿದೆ, ಅಲ್ಲಿ ಏರ್‌ಕಾನ್ ಇಲ್ಲ, ಕಿಟಕಿ ತೆರೆದಿಟ್ಟು ಹಾಡುವುದು, ಸೋಲೋ ನಿಮ್ಮದೇ ಅಂದರು.

ಆಂಟಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮಲೇಷ್ಯಾದ ಚರ್ಚಿಗೆ ನಾನು ಫ್ಯಾನ್ ಹೊತ್ತುಕೊಂಡು ಹೋಗಲಾಗುತ್ತದೆಯೇ? ಆಂಟಿ ಹೂಗುಚ್ಛವನ್ನು ನನ್ನ ಕೈಗೆ ತುರುಕಿ, ಮೇಡಂಗೆ ಎಲ್ಲವನ್ನೂ ಹೇಳಿಬಿಟ್ಟರು. ಗ್ರಿಲ್, ಹನ್ನೊಂದು ವರ್ಷ, ಡ್ಯಾಂಪರ್, ನನ್ನ ಏಣಿ, ಒಂದನ್ನೂ ಬಿಡಲಿಲ್ಲ. ಕೊನೆಗೆ, 'ನನಗೆ ಅಂಥಾ ಕಿವಿ ಇಲ್ಲ ಮೇಡಂ. ಇವನು ಫ್ಯಾನ್ ಹಾಕದಿದ್ದರೆ ಇವತ್ತೂ ತಪ್ಪುತ್ತಿದ್ದೆ' ಅಂದರು.

ಮೇಡಂ ಮುಖದಲ್ಲಿ ಸಿಟ್ಟು ಬರಲಿಲ್ಲ, ಗೊಂದಲ ಬಂತು.

'ಆ ಫ್ಯಾನಾ? ಆ ಫ್ಯಾನ್ ಯಾವತ್ತೂ ನಮ್ಮ ಎ ಸ್ವರಕ್ಕಿಂತ ಒಂದು ಎಳೆ ಕೆಳಗೇ ಇರುತ್ತದಲ್ಲ. ಬಂದ ದಿನದಿಂದ ನನ್ನ ತಲೆ ತಿಂದಿದೆ. ಅದಕ್ಕೇ ವರ್ಕ್ ಆರ್ಡರ್ ಕಳಿಸಿದ್ದು.' ಆಂಟಿಯ ಭುಜ ಹಿಡಿದರು. 'ಇವತ್ತು ನೀವು ಶುರು ಮಾಡಿದಾಗ ಅದೂ ಇತ್ತು. ನಿಮ್ಮ ದನಿಗೂ ಅದಕ್ಕೂ ತಿಕ್ಕಾಟವಾಗಿ ವ್ವಂ ವ್ವಂ ಅಂತ ಅಲೆ ಎದ್ದಿತ್ತು. ಎರಡು ಸ್ವರ ಹತ್ತಿರ ಇದ್ದು ಒಂದೇ ಆಗದಿದ್ದರೆ ಹಾಗಾಗುತ್ತದೆ. ಫ್ಯಾನಿನಿಂದ ಸ್ವರ ತೆಗೆದುಕೊಂಡಿದ್ದರೆ ನೀವೂ ಕೆಳಗಿರಬೇಕಿತ್ತು. ನೀವು ಆರ್ಕೆಸ್ಟ್ರಾದ ಎ ಹಾಡಿದಿರಿ. ಯಾವಾಗಲೂ ಅದನ್ನೇ ಹಾಡಿದ್ದೀರಿ.'

'ನಿನ್ನೆ ತಪ್ಪಿದೆನಲ್ಲ?'

'ನಿನ್ನೆ ನೀವು ಹೆದರಿದ್ದಿರಿ. ಹೆದರಿದ್ದು ಯಾಕೆ ಅಂತ ನನಗೆ ಈಗ ಗೊತ್ತಾಯಿತು.' ನನ್ನ ಕಡೆ ತಿರುಗಿ, 'ಮುಚ್ಚಿದ್ದು ನೀವಾ? ಒಳ್ಳೆಯದು ಮಾಡಿದಿರಿ' ಅಂತ ಹೇಳಿ, ಕರೆಯುತ್ತಿದ್ದವರ ಕಡೆಗೆ ಹೋದರು.

ಆಂಟಿಗೆ ಖುಷಿಯಾಗುತ್ತದೆ ಅಂದುಕೊಂಡೆ. ಅವರು ಚೀಲ ಎತ್ತಿಕೊಂಡು ನೆಟ್ಟಗೆ ಸ್ಟೇಷನ್ ಕಡೆ ನಡೆದರು. ಎಂಆರ್‌ಟಿ ಟ್ರೈನಿನಲ್ಲಿ ಪಕ್ಕಪಕ್ಕ ಕೂತೆವು. ಹೂಗುಚ್ಛ ಇನ್ನೂ ನನ್ನ ತೊಡೆಯ ಮೇಲೇ ಇತ್ತು. ಜುರಾಂಗ್ ಈಸ್ಟ್‌ನಲ್ಲಿ ಇಳಿದು ಟ್ರೈನ್ ಬದಲಾಯಿಸುವವರೆಗೂ ಅವರು ಎದುರಿನ ಗಾಜನ್ನೇ ನೋಡುತ್ತಿದ್ದರು. ನಾನು ಸುಮ್ಮನಿರಲಾರದವನು, 'ಚೆನ್ನಾಗಿ ಹಾಡಿದ್ರಿ ಆಂಟಿ. ಫ್ಯಾನ್ ನೆಪ ಅಷ್ಟೇ, ನೀವೇ ಹಾಡಿದ್ದು' ಅಂದೆ.

'ನಾಲ್ಕು ವರ್ಷದ ಹಿಂದೆ ಕಾಯರ್‌ನವರೆಲ್ಲ ಪ್ರಾಗ್‌ಗೆ ಹೋದ್ರು ಗೊತ್ತಾ?' ಅಂದರು ಆಂಟಿ. 'ಅಲ್ಲಿ ನನಗೆ ಸೋಲೋ ಕೊಡ್ತೀನಿ ಅಂದಿದ್ರು ಮೇಡಂ. ಲೀವ್ ಸಿಗಲಿಲ್ಲ ಅಂತ ಸುಳ್ಳು ಹೇಳಿದೆ. ಲೀವ್ ಇತ್ತು. ಅಲ್ಲಿನ ಚರ್ಚಿನಲ್ಲಿ ಫ್ಯಾನ್ ಇರಲ್ಲ ಅಂತ ಹೋಗಲಿಲ್ಲ ಮಾರಾಯಾ. ಮುಂದಿನ ಸಾಲಿಗೆ ಬಾ ಅಂತ ಎಷ್ಟು ಸಲ ಕರೆದ್ರು. ಅಲ್ಲಿಗೆ ಗ್ರಿಲ್ ಕೇಳಲ್ಲ ಅಂತ ಹೋಗಲಿಲ್ಲ. ಕೇಳಿದವರಿಗೆಲ್ಲ ಒಂದೊಂದು ನೆಪ ಹೇಳಿಕೊಂಡು ಹನ್ನೊಂದು ವರ್ಷ ಅದರ ಕೆಳಗೇ ನಿಂತೆ.'

ಅವರು ಅತ್ತರು. ಮುಖ ಮುಚ್ಚಿಕೊಳ್ಳಲೂ ಇಲ್ಲ. ಎದುರು ಸೀಟಿನ ಹೆಂಗಸೊಬ್ಬಳು ಟಿಶ್ಯೂ ಪ್ಯಾಕೆಟ್ ಚಾಚಿದಳು. ನಾನು ಹೂಗುಚ್ಛವನ್ನು ಈ ತೊಡೆಯಿಂದ ಆ ತೊಡೆಗೆ ಇಡುತ್ತಿದ್ದೆ. ಬುಕಿತ್ ಬಾಟೋಕ್ ಬಂತು. ಬಾಗಿಲು ತೆರೆಯಿತು. ನಾನು ಎದ್ದೆ, ಅವರು ಏಳಲಿಲ್ಲ.

'ಆಂಟಿ, ಸ್ಟೇಷನ್ ಬಂತು.'

'ಇನ್ನೊಂದು ಸ್ಟೇಷನ್ ಹೋಗಿ ವಾಪಸ್ ಬರೋಣ ಕೂತ್ಕೋ' ಅಂದರು ಮೂಗೊರೆಸಿಕೊಳ್ಳುತ್ತ. 'ಈ ಮುಖ ಇಟ್ಕೊಂಡು ಮನೆಗೆ ಹೋದ್ರೆ ನಾನು ತಪ್ಪು ಹಾಡಿದೆ ಅಂದ್ಕೊಳ್ತಾರೆ.'